ಅಜ್ಜನನ್ನು ಅನುವಾದ ಮಾಡಬೇಡಿ

ನಮ್ಮ ಬ್ಯಾಚಿನಲ್ಲಿ ಯಾರನ್ನಾದರೂ ಕಾರಿಡಾರಿನಲ್ಲಿ ನಿಲ್ಲಿಸಿ ‘ತೋರಿ’ ಅಂದ್ರೆ ಏನು ಅಂತ ಕೇಳಿ ನೋಡಿ. ಅರ್ಧಕ್ಕರ್ಧ ಜನ ಸರಿಯಾಗಿ ಹೇಳ್ತಾರೆ. ಜಪಾನಿನ ಶಿಂಟೋ ಗುಡಿಯ ಮುಂದೆ ನಿಲ್ಲುವ ಕೆಂಪು ಬಾಗಿಲು, ಅದರಾಚೆ ಹೋದರೆ ‘ಕಾಮಿ’ಯ ಜಾಗ. ಆನಿಮೆ ನೋಡಿ ಕಲಿತದ್ದು. ಹಿರೋಶಿಮಾ ಹತ್ತಿರದ ಇತ್ಸುಕುಶಿಮಾದಲ್ಲಿ ಸಮುದ್ರದ ನೀರಲ್ಲೇ ನಿಂತಿರುವ ತೋರಿ ನಮ್ಮಲ್ಲಿ ಎಷ್ಟು ಜನರ ಲ್ಯಾಪ್‌ಟಾಪಿನ ವಾಲ್‌ಪೇಪರ್ ಅಂತ ಲೆಕ್ಕ ಇಟ್ಟಿಲ್ಲ. ಗುಡಿಗೆ ಹೋಗುವ ಮೊದಲು ಕೈ ತೊಳೆದು ಬಾಯಿ ಮುಕ್ಕಳಿಸಬೇಕು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು ಅನ್ನುವುದೂ ಗೊತ್ತು. ‘ಕಾಮಿ’ಯನ್ನು ಗಾಡ್ ಅಂತ ಅನುವಾದ ಮಾಡಬಾರದು, ಅದು ಬೇರೆಯೇ ಅಂತ ನಮಗೇ ಪಾಠ ಮಾಡುವ ಪಂಡಿತರೂ ಇದ್ದಾರೆ.

ಅದೇ ಕಾರಿಡಾರಿನಲ್ಲಿ ‘ಸಾನ’ ಅಂದ್ರೆ ಏನು ಅಂತ ಕೇಳಿ. ತುಳು ಮನೆಯ ಒಂದಿಬ್ಬರು ಹೇಳಿಯಾರು, ಉಳಿದವರು ಮುಖ ನೋಡ್ತಾರೆ. ಸಾನ ಅಂದರೆ ದೈವದ ಜಾಗ. ಮಂಗಳೂರಿನಲ್ಲಿ ಅದನ್ನು ನೋಡಲು ಪಾಸ್‌ಪೋರ್ಟ್ ಬೇಡ, ಸಿಟಿ ಬಸ್ಸಿನ ಚಿಲ್ಲರೆ ಸಾಕು.

ಈ ಲೇಖನಕ್ಕೆ ಕಾರಣ ಒಂದು ಪೋಸ್ಟರ್. ಯಾವ ಕಾಲೇಜಿನದ್ದು ಅಂತ ಬೇಡ. ಫೆಸ್ಟಿಗೆಂದು ಕೋಲದ ಚಂದದ ಚಿತ್ರ ಹಾಕಿ, ಅಣಿಯ ಹಿಂದೆ ಬೆಂಕಿಯ ಎಫೆಕ್ಟ್ ಕೊಟ್ಟು, ಕೆಳಗೆ ದಪ್ಪಕ್ಷರದಲ್ಲಿ ‘ಡೆವಿಲ್ ಡ್ಯಾನ್ಸ್ ಆಫ್ ತುಳುನಾಡು’ ಎಂದು ಬರೆದಿದ್ದರು. ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಊರಿನ ಬಗ್ಗೆ ಹೆಮ್ಮೆಯಿಂದಲೇ ಮಾಡಿದ್ದು. 2025ರ ನವೆಂಬರಿನಲ್ಲಿ ಗೋವಾದ ಚಲನಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿ ನಟರೊಬ್ಬರು ‘ಕಾಂತಾರ’ದ ಅಭಿನಯವನ್ನು ಹೊಗಳುವ ಭರದಲ್ಲಿ ದೈವವನ್ನು ‘ಹೆಣ್ಣು ದೆವ್ವ’ ಅಂದರಲ್ಲ, ಅಲ್ಲೂ ಉದ್ದೇಶ ಹೊಗಳುವುದೇ. ಆಮೇಲೆ ಗಲಾಟೆ ಆಯಿತು, ಕ್ಷಮೆಯೂ ಬಂತು. ಕ್ಷಮೆ ಕೇಳಿದ ಮೇಲೂ ಪದ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮ್ಮಂಥವರ ನಾಲಗೆಗೆ ದೈವ ಎಂದ ಕೂಡಲೇ ಬರುವುದು ಘೋಸ್ಟ್, ಸ್ಪಿರಿಟ್, ಡೆಮನ್, ಡೆವಿಲ್. ಕಾಮಿಯನ್ನು ಕಾಮಿಯಾಗಿಯೇ ಉಳಿಸಿಕೊಳ್ಳುವ ಮರ್ಯಾದೆ ಪಕ್ಕದ ಮನೆಯ ದೈವಕ್ಕೆ ಯಾಕಿಲ್ಲ ಅನ್ನುವುದೇ ನಮ್ಮ ಪ್ರಶ್ನೆ.

ಈ ಪದಗಳ ಜಾಡು ಹಿಡಿದು ಹೋದರೆ ದೂರ ಎಲ್ಲೂ ಹೋಗಬೇಕಾಗಿಲ್ಲ, ಬಲ್ಮಠದ ಗುಡ್ಡ ಹತ್ತಿದರೆ ಸಾಕು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯ ಶುರುವಾಯಿತು. 1843ರಲ್ಲಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಕನ್ನಡ ಸಂಘದವರಾದ ನಾವು ನವೆಂಬರ್ ಭಾಷಣದಲ್ಲಿ ಇದನ್ನೆಲ್ಲ ತಪ್ಪದೆ ಹೇಳ್ತೇವೆ. ಹೇಳದೆ ಬಿಡುವ ಭಾಗ ಇನ್ನೊಂದಿದೆ. ಆ ಪಾದ್ರಿಗಳ ಕಣ್ಣಿಗೆ ಬೂತಾರಾಧನೆ ಸೈತಾನನ ಪೂಜೆ. ಮಂಗಳೂರಿನಲ್ಲಿ ಜಡ್ಜ್ ಆಗಿದ್ದ ಎ. ಸಿ. ಬರ್ನೆಲ್ ಅವರ ಸಂಗ್ರಹದ ಕಾಗದಪತ್ರಗಳು, ಅವರು ತೀರಿಹೋದ ಮೇಲೆ, 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕಂತುಕಂತಾಗಿ ಅಚ್ಚಾದವು. ಅದಕ್ಕೆ ಕೊಟ್ಟ ಹೆಸರು ‘ದ ಡೆವಿಲ್ ವರ್ಶಿಪ್ ಆಫ್ ದ ತುಳುವಾಸ್’. ಪೋಸ್ಟರಿನ ಡೆವಿಲ್ ಎಷ್ಟು ಹಳೆಯವನು ನೋಡಿ!

ಆದರೆ ಇದು ಅಷ್ಟು ಸರಳ ಅಲ್ಲ. 1886ರಲ್ಲಿ ಇದೇ ಮಿಷನ್ ಪ್ರೆಸ್ ಎರಡು ಪುಸ್ತಕ ತಂದಿತು. ಒಂದು ಮ್ಯಾನರ್ ಪಾದ್ರಿಯ ತುಳು–ಇಂಗ್ಲಿಷ್ ನಿಘಂಟು, ಇನ್ನೊಂದು ‘ಪಾಡ್ದನೊಳು’. ಪಾಡ್ದನ ಅಂದರೆ ದೈವಗಳ ಹುಟ್ಟು, ಅಲೆದಾಟ, ನೆಲೆಯಾದ ಕತೆ ಹೇಳುವ ತುಳು ಹಾಡು. ಯಾವುದನ್ನು ಊರಿಂದ ಓಡಿಸಬೇಕು ಅಂದುಕೊಂಡಿದ್ದರೋ ಅದರ ಹಾಡನ್ನೇ ಕನ್ನಡ ಲಿಪಿಯಲ್ಲಿ ಜೋಡಿಸಿ ಅಚ್ಚು ಹಾಕಿದರು. ಹಾಗಾಗಿ ಬೈಯುವುದೋ ಕೈ ಮುಗಿಯುವುದೋ ಅನ್ನುವ ಗೊಂದಲ ನಮಗೂ ಇದೆ. ಪದ ಕೊಟ್ಟದ್ದೂ ಅವರೇ, ಪದ ಸುಳ್ಳು ಅಂತ ತೋರಿಸುವ ಸಾಕ್ಷಿ ಉಳಿಸಿದ್ದೂ ಅವರೇ.

ಸಾಕ್ಷಿ ಬರೀ ಪುಸ್ತಕದಲ್ಲಿ ಬೇಡ ಅಂತ ನಾವು ಐದು ಜನ ಒಂದು ಶನಿವಾರ ಕುತ್ತಾರಿಗೆ ಹೋದೆವು. ಬಲ್ಮಠದಿಂದ ಕಂಕನಾಡಿ, ಪಂಪ್‌ವೆಲ್, ನೇತ್ರಾವತಿ ಸೇತುವೆ. ಸೇತುವೆ ಮೇಲೆ ಬಲಗಡೆ ನೋಡಿದರೆ ನದಿ ಅಗಲವಾಗ್ತಾ ಕಡಲ ಕಡೆ ಹೋಗ್ತದೆ, ಉಪ್ಪಿನ ಗಾಳಿ ಬಸ್ಸಿನೊಳಗೇ ಬರ್ತದೆ. ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿ ದೇರಳಕಟ್ಟೆ ರಸ್ತೆಯಲ್ಲಿ ಸ್ವಲ್ಪ ಹೋದರೆ ಕುತ್ತಾರು. ಕೊರಗಜ್ಜನ ಆದಿಸ್ಥಳ. ಅಜ್ಜನ ಕಟ್ಟೆ ಈ ಸುತ್ತಿನಲ್ಲಿ ಏಳು ಕಡೆ ಇದೆ ಅನ್ನುವುದು ಪ್ರತೀತಿ. ನಮ್ಮಲ್ಲಿ ಇಬ್ಬರು ತುಳು ಮನೆಯವರು, ಒಬ್ಬ ಕುಂದಾಪುರದವ, ಇಬ್ಬರು ಘಟ್ಟದ ಮೇಲಿನವರು. ದಾವಣಗೆರೆಯ ಗೆಳೆಯ ಬಸ್ಸಿಂದ ಇಳಿದವನೇ ಕೇಳಿದ್ದು, “ಗುಡಿ ಎಲ್ಲಿ?” ಅಂತ.

ಗುಡಿ ಇಲ್ಲ. ಗೋಪುರ, ಗರ್ಭಗುಡಿ ಯಾವುದೂ ಇಲ್ಲ. ಕಟ್ಟೆ, ಕಲ್ಲು, ಅಷ್ಟೇ. ಜನ ವೀಳ್ಯದೆಲೆ, ಅಡಿಕೆ, ಚಕ್ಕುಲಿ ಇಡ್ತಾರೆ, ಕಳ್ಳೋ ಶರಾಬೋ ಕೂಡ ಇಡ್ತಾರೆ. ಇಲ್ಲಿ ರಾತ್ರಿ ಅಜ್ಜನ ಕೋಲ ಆಗುವ ಹೊತ್ತಿಗೆ ದೀಪ ಉರಿಸುವಂತಿಲ್ಲ, ಸುತ್ತಲಿನವರು ಲೈಟ್ ಆರಿಸ್ತಾರೆ. ರೀಲ್ಸ್ ಮಾಡುವವರಿಗೆ ಇಷ್ಟು ಕಷ್ಟದ ಜಾಗ ಇಡೀ ಕರಾವಳಿಯಲ್ಲಿ ಇನ್ನೊಂದಿಲ್ಲ, ಪುಣ್ಯ. ಅವತ್ತು ಕಟ್ಟೆಯೆದುರು ನಿಂತಿದ್ದವರನ್ನು ನೋಡಿದೆವು: ಬ್ಯಾಂಕಿನ ಐಡಿ ಕಾರ್ಡ್ ಕುತ್ತಿಗೆಯಲ್ಲೇ ಇದ್ದವರು, ಮೀನಿನ ಬುಟ್ಟಿ ಹೊತ್ತು ಬಂದವರು, ನರ್ಸಿಂಗ್ ಹುಡುಗಿಯರು, ಕಾರಿಂದ ಇಳಿದ ದೊಡ್ಡ ಮನೆಯವರು. ಎಲ್ಲರೂ ಹೇಳುವುದು ‘ಅಜ್ಜ’ ಅಂತಲೇ. ಈ ಊರಿನಲ್ಲಿ ಚಿನ್ನದ ಸರ ಕಳೆದರೂ, ಬೈಕಿನ ಕೀ ಕಳೆದರೂ ‘ಅಜ್ಜನಿಗೆ ವೀಳ್ಯ ಹೇಳಿಕೋ’ ಅನ್ನುವುದು ರೂಢಿ. ನಮ್ಮ ಹಾಸ್ಟೆಲಿನಲ್ಲಿ ಹಾಲ್ ಟಿಕೆಟಿಗೂ ಹೇಳಿಕೊಂಡವರಿದ್ದಾರೆ. ದೆವ್ವವನ್ನು ಯಾರಾದರೂ ಅಜ್ಜ ಅಂತಾರಾ ಮಾರಾಯ್ರೆ? ಕಳೆದುಹೋದ ಕೀ ಹುಡುಕಿಕೊಡು ಅಂತ ಡೆವಿಲ್ ಹತ್ತಿರ ಹೇಳ್ತಾರಾ?

ಕೊರಗಜ್ಜನ ಕತೆ ಊರಿಂದ ಊರಿಗೆ ಸ್ವಲ್ಪ ಬದಲಾಗ್ತದೆ, ನಡುವಿನ ಎಳೆ ಮಾತ್ರ ಒಂದೇ. ತನಿಯ ಅನ್ನುವ ಕೊರಗರ ಹುಡುಗ ದಿಕ್ಕಿಲ್ಲದವನಾಗಿ ನಿಂತಾಗ ಕಳ್ಳಿನ ವ್ಯಾಪಾರದ ಮೈರಕ್ಕೆ ಬೈದೆತಿ ಅವನನ್ನು ಮನೆಗೆ ಕರೆದು ಸಾಕ್ತಾಳೆ. ಬೆಳೆದ ಹುಡುಗನಿಗೆ ಏಳು ಜನರ ಬಲ. ದೇವಸ್ಥಾನಕ್ಕೆ ಮನೆಯಿಂದ ಹೋಗಬೇಕಾದ ಹೊರೆಯನ್ನು, ಏಳು ಜನ ಹೊರಬೇಕಾದ್ದನ್ನು, ಒಬ್ಬನೇ ಹೊತ್ತು ತರ್ತಾನೆ. ಹೊರೆ ಒಳಗೆ ಹೋಗಬಹುದು, ಹೊತ್ತವ ಹೋಗುವಂತಿಲ್ಲ. ಹೊರಗೆ ನಿಂತ ತನಿಯನ ಕಣ್ಣಿಗೆ ಉಪ್ಪಿನಕಾಯಿಗೆ ಆಗುವ ಕಾಯೊಂದು ಬೀಳ್ತದೆ, ತಾಯಿಗೆ ಬೇಕಾದೀತು ಅಂತ ಕೊಯ್ಯಲು ಹತ್ತುತ್ತಾನೆ, ಅಲ್ಲೇ ಮಾಯವಾಗ್ತಾನೆ.

ಈ ‘ಮಾಯ’ ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಪಾಡ್ದನದ ಮಾತು ‘ಸತ್ತ’ ಅಲ್ಲ, ‘ಮಾಯ ಆಯೆ’, ಮಾಯಕ್ಕೆ ಸಂದ. ತುಳುವರ ಲೆಕ್ಕದಲ್ಲಿ ಲೋಕ ಎರಡು: ಜೋಗ ಮತ್ತು ಮಾಯ. ನಾವು ಕಾಣುವ, ಮುಟ್ಟುವ ಬದುಕು ಜೋಗ. ಕಾಣದಿದ್ದರೂ ಇಲ್ಲೇ ಇರುವುದು ಮಾಯ. ಇಲ್ಲಿಂದ ಅಲ್ಲಿಗೆ ದಾಟಿದವರು ಕೋಲದ ರಾತ್ರಿ ಮತ್ತೆ ಜೋಗಕ್ಕೆ ಬಂದು ಊರಿನವರ ಜೊತೆ ಮಾತಾಡ್ತಾರೆ, ಅದಕ್ಕೆ ‘ನುಡಿ’ ಅಂತ ಹೆಸರು. ಗದ್ದೆಯ ತಕರಾರು, ಅಣ್ಣತಮ್ಮಂದಿರ ಜಗಳ ಎಲ್ಲ ಆ ನುಡಿಯೆದುರು ಬರ್ತದೆ. ಇಂಗ್ಲಿಷಿನ ಘೋಸ್ಟ್ ಆಗಬೇಕಾದರೆ ಮೊದಲು ಹೆಣ ಬೀಳಬೇಕು, ಆಮೇಲೆ ಅದು ಹೆದರಿಸಬೇಕು. ಇಲ್ಲಿ ಹೆಣವೂ ಇಲ್ಲ, ಸುಮ್ಮನೆ ಹೆದರಿಸುವ ಕೆಲಸವೂ ಇಲ್ಲ. ಕಾರಣಿಕ ಇದೆ, ಅದರ ಭಯ ಬೇರೆ. ವೈವಾದಲ್ಲಿ ಪ್ರಶ್ನೆ ಕೇಳುವವರ ಮುಂದೆ ಕೂತಾಗಿನ ಭಯಕ್ಕೂ ಕತ್ತಲಲ್ಲಿ ನಾಯಿ ಕಂಡ ಭಯಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ.

ಇನ್ನೊಂದು ದೈವ ನಮ್ಮ ಬ್ರಾಂಚಿಗೇ ಹತ್ತಿರದ್ದು: ಕಲ್ಕುಡ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ. ಇಂಥದ್ದನ್ನು ಬೇರೆ ಕಡೆ ಮಾಡಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಅದರಲ್ಲೇ ಹೋಗಿ ವೇಣೂರಿನಲ್ಲಿ ಇನ್ನೊಂದು ಮೂರ್ತಿ ಕಡೆದ, ಆಮೇಲೆ ಅಣ್ಣತಂಗಿ ಕಲ್ಕುಡ–ಕಲ್ಲುರ್ಟಿ ದೈವಗಳಾದರು. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದ್ದು 1604ರದ್ದು. ಕಳೆದು ನೋಡಿದರೆ 172 ವರ್ಷ, ಒಬ್ಬ ಶಿಲ್ಪಿಯ ಆಯಸ್ಸಿಗೆ ಕೂಡುವುದಿಲ್ಲ. ಪಾಡ್ದನಕ್ಕೆ ಈ ಲೆಕ್ಕದ ಚಿಂತೆಯಿಲ್ಲ, ಅದು ಇಟ್ಟುಕೊಂಡಿರುವ ಲೆಕ್ಕ ಬೇರೆ: ಕೆಲಸ ಮಾಡಿದವನಿಗೆ ಕೂಲಿಯ ಬದಲು ಸಿಕ್ಕಿದ್ದು ಏನು ಅನ್ನುವುದು.

ದೈವಗಳ ಕತೆಗಳಲ್ಲಿ ಇಂಥ ಬಾಕಿ ಎಷ್ಟೋ ಕಡೆ ಸಿಗ್ತದೆ. ಅದಕ್ಕೇ ಅನುವಾದ ಇಷ್ಟು ಅಪಾಯ. ಅಜ್ಜನನ್ನು ಘೋಸ್ಟ್ ಅಂದ ಕೂಡಲೇ ಕತೆ ಹಾರರ್ ಸಿನಿಮಾ ಆಗ್ತದೆ. ಬಾಗಿಲಲ್ಲಿ ತಡೆದವರು ಕಾಣೆಯಾಗಿ, ತಡೆಯಲ್ಪಟ್ಟವನೇ ಭಯಂಕರ ಆಗ್ತಾನೆ.

ಇಷ್ಟಕ್ಕೆ ಇಂಗ್ಲಿಷನ್ನು ಬೈದು ಲೇಖನ ಮುಗಿಸಿದ್ದರೆ ಸಂಘದಲ್ಲಿ ಚಪ್ಪಾಳೆ ಸಿಕ್ತಿತ್ತು. ಆದರೆ ಅನುವಾದ ಕೆಳಗಡೆಗೆ ಮಾತ್ರ ಅಲ್ಲ, ಮೇಲ್ಗಡೆಗೂ ಆಗ್ತದೆ. ದೈವ ಶಿವನ ಗಣ, ಶಿವನ ಅಂಶ, ಪಂಜುರ್ಲಿ ಅಂದರೆ ವರಾಹ ಅನ್ನುವ ಮಾತು ಈಗ ಎಲ್ಲ ಕಡೆ ಕೇಳ್ತದೆ. ಸಾನಕ್ಕೆ ಗ್ರಾನೈಟ್ ಬರ್ತದೆ, ಕಟ್ಟೆಗೆ ಮಾಡು ಬರ್ತದೆ, ಕಲ್ಲಿನ ಜಾಗದಲ್ಲಿ ಮೂರ್ತಿ ಬರ್ತದೆ, ಬ್ರಹ್ಮಕಲಶ ಆಗ್ತದೆ, ಫ್ಲೆಕ್ಸಿನಲ್ಲಿ ‘ದೈವಸ್ಥಾನ’ ಹೋಗಿ ‘ಕ್ಷೇತ್ರ’ ಆಗ್ತದೆ. ಡೆವಿಲ್ ಅಂದವರಿಗೆ ಸಿಟ್ಟಿನಿಂದ ಉತ್ತರ ಕೊಡುವವರೇ ಈ ಇನ್ನೊಂದು ಅನುವಾದ ಖುಷಿಯಿಂದ ಮಾಡ್ತಾರೆ. ಒಂದು ಮನೆಯವರು ತಮ್ಮ ದೈವವನ್ನು ಶಿವ ಅಂತ ನಂಬಿದರೆ ಅದು ಅವರ ನಂಬಿಕೆ, ನಾವು ಯಾರು ಕೇಳಲಿಕ್ಕೆ? ನಮ್ಮ ತಕರಾರು ಬೇರೆ. ಕೊರಗಜ್ಜ ಶಿವನ ಅಂಶವೇ ಆಗಿದ್ದರೆ ಅವನನ್ನು ದೇವಸ್ಥಾನದ ಹೊರಗೆ ನಿಲ್ಲಿಸಿದ್ದು ಯಾರನ್ನು ನಿಲ್ಲಿಸಿದ ಹಾಗಾಯಿತು? ಈ ಪ್ರಶ್ನೆ ಕೇಳಿಕೊಂಡು ಶಿವಾಂಶ ಅನ್ನುವುದಾದರೆ ಅನ್ನಲಿ. ಈಗ ನಡೆಯುತ್ತಿರುವುದು ಹಾಗಲ್ಲ. ತನಿಯನಿಗೆ ಬಡ್ತಿ ಕೊಟ್ಟು ಬಾಗಿಲಿನ ಕತೆಯನ್ನು ಮೆಲ್ಲಗೆ ಫೈಲಿನಿಂದ ತೆಗೆಯುವುದು.

ಆ ಬಾಗಿಲು ಹಳೆಯ ಕಾಲದ್ದು ಅಂತ ಯಾರಾದರೂ ಅಂದರೆ ಒಂದೇ ಕಾಯ್ದೆ ನೆನಪಿಸಬೇಕು. ಕೊರಗರಿಂದ ಅಜಲು ಮಾಡಿಸುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 2000ದಲ್ಲಿ. ನಮ್ಮಲ್ಲಿ ಹೆಚ್ಚಿನವರು ಹುಟ್ಟುವುದಕ್ಕೆ ಐದಾರು ವರ್ಷ ಮುಂಚೆ, ಅಷ್ಟೇ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳ ಹಾಗೆ ಓಡಿಸುವುದು ಇಂಥದ್ದನ್ನೆಲ್ಲ ಹೆಸರಿಟ್ಟು ಅಪರಾಧ ಅಂತ ಆ ಕಾಯ್ದೆ ಬರೆಯಬೇಕಾಯಿತು. ಅಜ್ಜನಿಗೆ ಚಕ್ಕುಲಿ ಇಡುವ ಜಿಲ್ಲೆಯಲ್ಲೇ!

ಮೇಲ್ಮುಖದ ಅನುವಾದ ಏನು ಮಾಡಬಲ್ಲದು ಅಂತ ಮತ್ತೆ ಜಪಾನಿಗೇ ಹೋಗಿ ನೋಡಬಹುದು. ಆನಿಮೆಯಲ್ಲಿ ಇದು ಬರುವುದಿಲ್ಲ. ಮೇಜಿ ಸರಕಾರ ಶಿಂಟೋವನ್ನು ಚಕ್ರವರ್ತಿಯ ಸುತ್ತ ಕಟ್ಟಿದ ರಾಷ್ಟ್ರೀಯ ಆಚರಣೆ ಮಾಡಲು ಹೊರಟಿತು. ಹಳ್ಳಿಹಳ್ಳಿಯ, ಹೆಸರೇ ಗೊತ್ತಿಲ್ಲದ ಸಣ್ಣ ಕಾಮಿಗಳು ಅದಕ್ಕೆ ಶೋಭೆಯಾಗಿ ಕಾಣಲಿಲ್ಲ. 1906ರಿಂದ ಸಣ್ಣ ಗುಡಿಗಳನ್ನು ದೊಡ್ಡ ಗುಡಿಗಳಲ್ಲಿ ವಿಲೀನ ಮಾಡುವ ಆದೇಶ ಬಂತು. ಕೆಲವೇ ವರ್ಷಗಳಲ್ಲಿ ಸುಮಾರು 2 ಲಕ್ಷ ಗುಡಿಗಳಲ್ಲಿ 70 ಸಾವಿರದಷ್ಟು ಇಲ್ಲವಾದವು. ಗುಡಿ ಹೋದ ಮೇಲೆ ಅದರ ಬನ ಯಾಕೆ ಅಂತ ಮರ ಕಡಿದು ಮಾರಿದರು. ಇದರ ವಿರುದ್ಧ ಪಟ್ಟು ಹಿಡಿದವನು ಪೂಜಾರಿ ಅಲ್ಲ, ವಿಜ್ಞಾನಿ: ಮಿನಕಾತ ಕುಮಗುಸು. ತನಬೆ ಎಂಬ ಕಡಲತೀರದ ಊರಿನಲ್ಲಿದ್ದುಕೊಂಡು ಲೋಳೆಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತಿದ್ದವನು, ‘ನೇಚರ್’ ಪತ್ರಿಕೆಗೆ ಬರೆಯುತ್ತಿದ್ದವನು. ಗುಡಿಯ ಬನ ಹೋದರೆ ಗಿಡ, ಹುಳ, ಊರಿನ ನೆನಪು, ಜನ ಸೇರುವ ಜಾಗ ಎಲ್ಲ ಒಟ್ಟಿಗೇ ಹೋಗ್ತದೆ ಅಂತ ಬರೆದ, ಜಗಳ ಮಾಡಿದ, ಜೈಲಿಗೂ ಹೋಗಿಬಂದ. ತನಬೆ ಕೊಲ್ಲಿಯ ಕಶಿಮಾ ದ್ವೀಪದ ಕಾಡು ಉಳಿದದ್ದರಲ್ಲಿ ಅವನ ಪಾಲು ದೊಡ್ಡದು. ನಮ್ಮ ನಾಗಬನಗಳಿಗೆ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸುವುದನ್ನು ನೋಡುವಾಗ ಈ ಮನುಷ್ಯ ನೆನಪಾಗ್ತಾನೆ.

ಜಪಾನಿನವರಿಗೆ ನಮ್ಮ ದೈವಗಳ ಪರಿಚಯವೂ ಉಂಟು. ಮಿಹೊ ಇಶಿಯಿ ಎಂಬ ಮಾನವಶಾಸ್ತ್ರಜ್ಞೆ ಮಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಇದ್ದು ಬೂತಾರಾಧನೆಯ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಮಂಗಳೂರಿನ ವಿಶೇಷ ಆರ್ಥಿಕ ವಲಯಕ್ಕೆ ಹಳ್ಳಿಗಳು ಹೋದ ಮೇಲೆ ಅಲ್ಲಿನ ದೈವಗಳಿಗೂ ಕಾರ್ಖಾನೆಯ ಯಂತ್ರಗಳಿಗೂ ಕೆಲಸಗಾರರಿಗೂ ಯಾವ ಬಗೆಯ ಸಂಬಂಧ ಬೆಳೆಯಿತು ಅಂತ 2015ರಲ್ಲಿ ಒಂದು ಪ್ರಬಂಧವನ್ನೂ ಬರೆದರು. ನಾಳೆ ಅಂಥದ್ದೇ ಕಾರ್ಖಾನೆಯಲ್ಲಿ ಟ್ರೈನಿ ಆಗಿ ಸೇರುವವರು ನಾವು, ಓದಿದವರು ಅವರು. (ಪುಸ್ತಕದ ಹೆಸರಿನಲ್ಲಿ ‘ಸ್ಪಿರಿಟ್’ ಇದೆ ಅಂತ ನಮ್ಮ ಸಂಪಾದಕ ಮಂಡಳಿಯ ಒಬ್ಬರು ಎತ್ತಿ ತೋರಿಸಿದರು. ಇದೆ, ಒಪ್ಪಿದೆವು.)

ನಮಗೆ ಎರಡು ಆಕ್ಷೇಪ ಬಂದಿವೆ. ಮೊದಲನೆಯದು: ಇಂಜಿನಿಯರಿಂಗ್ ಓದುವವರು ಮೂಢನಂಬಿಕೆಗೆ ಪ್ರಚಾರ ಕೊಡ್ತೀರಾ? ನಂಬಿ ಅಂತ ನಾವು ಯಾರಿಗೂ ಹೇಳ್ತಿಲ್ಲ, ನಮ್ಮ ಐದು ಜನರಲ್ಲೇ ಇಬ್ಬರು ಕೈ ಮುಗಿಯಲಿಲ್ಲ. ಒಂದು ಸರ್ಕ್ಯೂಟಿನ ಭಾಗಕ್ಕೆ ತಪ್ಪು ಹೆಸರು ಕೊಟ್ಟರೆ ಲ್ಯಾಬಿನಲ್ಲಿ ಅಂಕ ಕಳೀತಾರೆ, ಅಷ್ಟೇ ಶಿಸ್ತು ಇಲ್ಲೂ ಇರಲಿ ಅನ್ನುವುದು. ಎರಡನೆಯದು ಸ್ವಲ್ಪ ಗಟ್ಟಿ: ತುಳು ಬಾರದವರಿಗೆ ಹೇಳುವುದು ಹೇಗೆ, ಅನುವಾದ ಬೇಡವೇ? ಹುಬ್ಬಳ್ಳಿಯಿಂದ ಬಂದ ರೂಮ್‌ಮೇಟಿಗೆ ಒಂದು ಪದದಲ್ಲಿ ಹೇಳು ಅಂದರೆ ಆಗುವುದಿಲ್ಲ, ನಿಜ. ಒಂದು ಪದದಲ್ಲಿ ಯಾಕೆ ಹೇಳಬೇಕು? ಮೂರು ವಾಕ್ಯ ಹೇಳಿ. ದೈವ ಅಂದರೆ ಮಾಯಕ್ಕೆ ಸಂದವರು, ಊರು ಕಾಯುವವರು, ವರ್ಷಕ್ಕೊಮ್ಮೆ ಬಂದು ತುಳುವಿನಲ್ಲಿ ನ್ಯಾಯ ಮಾತಾಡುವವರು. ದಾವಣಗೆರೆಯವನಿಗೆ ನಾವು ಇಷ್ಟೇ ಹೇಳಿದ್ದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಇವರನ್ನ ಹೊರಗ್ ನಿಲ್ಸಿದ್ ಆ ದೇವಸ್ಥಾನದವ್ರು ಈಗ ಇಲ್ಲಿಗ್ ಬರ್ತಾರಾ?” ಅಂತ ಕೇಳಿದ. ಘೋಸ್ಟ್ ಅಂದಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

ನಮ್ಮ ಫೆಸ್ಟಿನ ಪೋಸ್ಟರ್ ಈ ತಿಂಗಳು ಸಿದ್ಧವಾಗಬೇಕು. ಡೆವಿಲ್ ಇಲ್ಲ, ಸ್ಪಿರಿಟ್ ಇಲ್ಲ, ಅದು ಇತ್ಯರ್ಥವಾಗಿದೆ. ‘ಬೂತ’ವೋ ‘ದೈವ’ವೋ ಅನ್ನುವುದು ಬಾಕಿ. ತುಳು ಮನೆಯ ಇಬ್ಬರಲ್ಲಿ ಒಬ್ಬಳ ಅಜ್ಜಿ ಈಗಲೂ ಬೂತ ಅಂತಲೇ ಅನ್ನುವುದು, ಅದರಲ್ಲಿ ಅವರಿಗೆ ಯಾವ ಅಳುಕೂ ಇಲ್ಲ. ಇನ್ನೊಬ್ಬನ ಮನೆಯಲ್ಲಿ ಹಾಗಂದರೆ ಬೈಗುಳ, ದೈವ ಅನ್ನಬೇಕು. ಬೂತ ಅಂದರೆ ಕನ್ನಡದವರು ದೆವ್ವ ಅಂದುಕೊಳ್ತಾರೆ ಅನ್ನುವುದು ಅವನ ವಾದ, ಹಾಗಾದರೆ ಕನ್ನಡದವರು ಕಲಿಯಲಿ ಅನ್ನುವುದು ಅವಳದ್ದು. ಪತ್ತನಾಜೆ ಬಂದರೆ ಗಗ್ಗರ ಬಿಚ್ಚಿಡ್ತಾರೆ, ಆಮೇಲೆ ಮಳೆ ಮುಗಿಯುವ ತನಕ ಕೋಲ ಇಲ್ಲ. ಅಷ್ಟರೊಳಗೆ ಇನ್ನೊಂದು ಕೋಲಕ್ಕೆ ಹೋಗುವುದು ಅಂತ ಮಾತಾಗಿದೆ, ನುಡಿ ಅರ್ಥ ಮಾಡಿಸುವ ಕೆಲಸ ಅವರಿಬ್ಬರದ್ದು. ಕ್ಯಾಮೆರಾ ತರುವುದು ಬೇಡ ಅಂತ ಗ್ರೂಪಿನಲ್ಲಿ ಮೊದಲೇ ಹಾಕಿದ್ದೇವೆ.